ಚೀಟಿ ಮಾಮನ ಒಳಮನೆಗಳು

ಆ ಕಾರ್ಖಾನೆಯಲ್ಲಿ ಚೀಟಿ ಮಾಮನ ಕೋಣೆಗೆ ನೇರ ದಾರಿಯಿರಲಿಲ್ಲ. ಮೊದಲು ಸ್ಟೋರಿನ ಬಾಗಿಲು. ಅಲ್ಲಿ ಬೇರಿಂಗು, ಬೆಲ್ಟು, ರಬ್ಬರ್ ವಾಷರುಗಳ ಕಪಾಟುಗಳ ಸಂದಿಯಲ್ಲಿ ಅಡ್ಡಡ್ಡಲಾಗಿ ನುಸುಳಿದರೆ ತಪಾಸಣೆ ಕೋಣೆ. ಆ ಕೋಣೆಯ ಮೂಲೆಯಲ್ಲಿ ಪ್ಲೈವುಡ್ಡಿನ ಒಂದು ಬಾಗಿಲು, ಅದರೊಳಗೆ ಮಾಮ. ಕಿಟಕಿ ಎಂಬುದಿಲ್ಲ. ಹೊರಗೆ ಮಳೆಯೋ ಬಿಸಿಲೋ ಎಂಬುದು ಅವನಿಗೆ ತಿಳಿಯುತ್ತಿದ್ದುದು ಒಳಗೆ ಬಂದವರ ಚಪ್ಪಲಿ ನೋಡಿ.

ಹತ್ತೊಂಬತ್ತನೆಯ ವಯಸ್ಸಿಗೆ ಕೈಯಲ್ಲಿ ಕಬ್ಬಿಣ ಉಜ್ಜುವ ಅರ ಹಿಡಿದು ಫಿಟ್ಟರ್ ಆಗಿ ಸೇರಿದವನು, ಈಗ ಐವತ್ತೇಳು. ಕಾರ್ಖಾನೆ ಮಾಡುತ್ತಿದ್ದುದು ಪೊಟ್ಟಣಕ್ಕೆ ಪುಡಿ ತುಂಬುವ ಯಂತ್ರಗಳನ್ನು. ಸೋಪಿನ ಪುಡಿಗೊಂದು, ಹಿಟ್ಟಿಗೊಂದು, ಬಣ್ಣದ ಪುಡಿಗೊಂದು, ಹೀಗೆ ಹನ್ನೆರಡು ಬಗೆ. ಯಂತ್ರಗಳ ಹೊಟ್ಟೆಗೆ ಕಂಪ್ಯೂಟರ್ ಹೊಕ್ಕ ಕಾಲಕ್ಕೆ ಹೊರಗಿನಿಂದ ಇಂಜಿನಿಯರುಗಳು ಬಂದರು; ಒಬ್ಬೊಬ್ಬರೂ ವರ್ಷವೋ ಎರಡು ವರ್ಷವೋ ಇದ್ದು, ತಲೆಯಲ್ಲಿದ್ದುದನ್ನು ತಲೆಯಲ್ಲೇ ಕಟ್ಟಿಕೊಂಡು ಹೊರಟರು. ಮಾಮ ಅವರ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತೇ ಕಲಿತ. ಹಳೆ ಪುಸ್ತಕದಂಗಡಿಯಿಂದ ಮೊದಲ ನಲವತ್ತು ಪುಟ ಹರಿದುಹೋಗಿದ್ದ ಪುಸ್ತಕವೊಂದನ್ನು ತಂದು ಅಕ್ಷರ ಅಕ್ಷರ ಅಗಿದು ನುಂಗಿದ. ಆ ನಲವತ್ತು ಪುಟದಲ್ಲಿ ಏನಿತ್ತೆಂಬುದನ್ನು ಉಳಿದ ಪುಟಗಳಿಂದ ಊಹಿಸಿಕೊಂಡೆ ಎಂದು ಎದೆ ಮುಂದೆ ಮಾಡಿ ಹೇಳುತ್ತಿದ್ದ. ಸುಳ್ಳಲ್ಲ.

ಅವನು ಮಾಡಿದ ದೊಡ್ಡ ಕೆಲಸವೇ ಅವನ ಕಾಲಿಗೆ ಸುತ್ತಿಕೊಂಡದ್ದು. ಹನ್ನೆರಡು ಯಂತ್ರದ ಪ್ರೋಗ್ರಾಮಿನಲ್ಲೂ ತೂಕ ನೋಡುವ ಭಾಗ ಒಂದೇ, ಮೋಟಾರು ತಿರುಗಿಸುವ ಭಾಗ ಒಂದೇ, ಪರದೆಯ ಮೇಲೆ ಅಕ್ಷರ ತೋರಿಸುವ ಭಾಗವೂ ಒಂದೇ. ಆದರೂ ಹಿಂದಿನವರು ಹನ್ನೆರಡು ಕಡೆ ಹನ್ನೆರಡು ಪ್ರತಿ ಇಟ್ಟಿದ್ದರು. ಒಂದರಲ್ಲಿ ತಪ್ಪು ತಿದ್ದಿದರೆ ಹನ್ನೊಂದರಲ್ಲಿ ಅದೇ ತಪ್ಪು ಹಲ್ಲು ಕಿರಿಯುತ್ತಿತ್ತು. ಯಾರು ಯಾವಾಗ ಏನು ಬದಲಾಯಿಸಿದರು ಎಂಬುದನ್ನು ಒಂದೂ ಮರೆಯದೆ ಕಾಪಾಡುವ ಗಿಟ್ ಎಂಬ ವ್ಯವಸ್ಥೆಯನ್ನು ಮಾಮ ಎಲ್ಲರಿಗೂ ಸೇರಿದ ಸರ್ವರ್ ಕಂಪ್ಯೂಟರಿನಲ್ಲಿ ಕೂರಿಸಿದ. ಎಲ್ಲಕ್ಕೂ ಬೇಕಾದ ಭಾಗಗಳನ್ನು ಬೇರೆ ಬೇರೆ ಪ್ರಾಜೆಕ್ಟ್ ಮಾಡಿ, ಪ್ರತಿ ಯಂತ್ರದ ಪ್ರಾಜೆಕ್ಟಿನೊಳಗೆ ಅವುಗಳನ್ನು ಸೇರಿಸಿದ. ಯಂತ್ರದ ಪ್ರಾಜೆಕ್ಟಿಗೆ ಹೊರಮನೆ ಎಂದೂ ಒಳಗೆ ಸೇರಿದ್ದಕ್ಕೆ ಒಳಮನೆ ಎಂದೂ ಹೆಸರಿಟ್ಟವನು ಅವನೇ. ಕೆಲವು ಒಳಮನೆಗಳೊಳಗೆ ಇನ್ನೂ ಒಳಮನೆಗಳಿದ್ದವು.

ಇಲ್ಲೊಂದು ಸೂಕ್ಷ್ಮವಿದೆ. ಪ್ರತಿ ತಿದ್ದುಪಡಿಗೂ ಗಿಟ್ ಒಂದು ಗುರುತು ಕೊಡುತ್ತದೆ. ಹೊರಮನೆಯ ಕಡತದಲ್ಲಿ ಒಳಮನೆ ಇಡಿಯಾಗಿ ಇರುವುದಿಲ್ಲ. ಅದರ ಒಂದು ಚೀಟಿ ಇರುತ್ತದೆ. 'ತೂಕದ ಮನೆ, ಇಂಥ ಗುರುತಿನ ಹೊತ್ತಿಗೆ ಹೇಗಿತ್ತೋ ಹಾಗೆ' ಎಂದು ಆ ಚೀಟಿ ಹೇಳುತ್ತದೆ. ತೂಕದ ಮನೆ ಆಮೇಲೆ ಎಷ್ಟೇ ಬದಲಾಗಲಿ, ಚೀಟಿ ತಾನಾಗಿ ಬದಲಾಗದು. ಒಬ್ಬರು ಕೂತು ಹೊಸ ಗುರುತು ಬರೆಯಬೇಕು. ಸೋಪಿನ ಯಂತ್ರಕ್ಕೆ ಹಳೆಯ ತೂಕ ಸಾಕು, ಹಿಟ್ಟಿನ ಯಂತ್ರಕ್ಕೆ ಹೊಸ ತೂಕ ಬೇಕು ಎಂದಾಗ ಇದು ಬಹಳ ಅನುಕೂಲ. ಯಾರೇ ಬಂದು ತೊಂದರೆ ಹೇಳಿಕೊಂಡರೂ ಮಾಮ ಕೇಳುತ್ತಿದ್ದ ಮೊದಲ ಮಾತು, "ಚೀಟಿ ನೋಡಿದ್ರಾ?" ಹಾಗಾಗಿ ಆ ಹೆಸರು ಬಿತ್ತು. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು.

ಮೊದಲಿಗೆ ಹೆಮ್ಮೆಯಿತ್ತು. ಹನ್ನೆರಡು ಹೊರಮನೆ, ಹತ್ತೊಂಬತ್ತು ಒಳಮನೆ, ಎಲ್ಲದರ ಬೀಗದ ಕೈ ಒಬ್ಬನ ಸೊಂಟದಲ್ಲಿ. ಬರಬರುತ್ತ ಸೊಂಟ ಭಾರವಾಯಿತು. ರಜೆ ಹಾಕಿದರೆ ಫೋನು, ಕ್ಷೌರಕ್ಕೆ ಕೂತರೆ ಫೋನು. ಮಗಳ ಹೆರಿಗೆಯ ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಮೂರು ಕುರ್ಚಿ ಜೋಡಿಸಿ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದ. ಹೆಂಡತಿ ಅದನ್ನು ಇಂದಿಗೂ ಬಿಟ್ಟಿಲ್ಲ.

"ಮೊಮ್ಮಗಳು ಹುಟ್ಟಿದಾಗ ಇವರು ಎಲ್ಲಿದ್ರು ಗೊತ್ತಾ? ಸೋಪಿನ ಪುಡಿ ಬಾಣಂತನ ಮಾಡ್ತಿದ್ರು," ಎಂದು ಬಂದವರಿಗೆಲ್ಲ ಹೇಳುತ್ತಾಳೆ.

ಹೀಗಿರುವಾಗ ಟೂಲ್‌ರೂಮಿನ ದೊಡ್ಡಪ್ಪನಿಗೆ ನಿವೃತ್ತಿ ಬಂತು. ದೊಡ್ಡಪ್ಪ ಎಂದರೆ ಕಾರ್ಖಾನೆಗೆಲ್ಲ ದೊಡ್ಡಪ್ಪ. ಅಚ್ಚು, ಕಟ್ಟರು, ಅಳತೆಯ ಉಪಕರಣ ಎಲ್ಲ ಅವನ ಕೈಯಲ್ಲೇ ತಯಾರಾಗುತ್ತಿದ್ದುದು. ಟೂಲ್‌ರೂಮಿಗೆ ಎರಡು ಕಡೆ ಎತ್ತರದ ಕಿಟಕಿಗಳು. ಮಾಮ ಫಿಟ್ಟರಾಗಿದ್ದಾಗ ಕಲಿತದ್ದು ಅದೇ ಕೋಣೆಯಲ್ಲಿ. ಮಧ್ಯಾಹ್ನದ ಊಟಕ್ಕೆ ಈಗಲೂ ಅಲ್ಲಿಗೇ ಹೋಗಿ, ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಯಾವುದಾದರೂ ಕಬ್ಬಿಣದ ಚೂರು ಹಿಡಿದು ಕೂರುತ್ತಿದ್ದ.

"ನನ್ನ ಜಾಗಕ್ಕೆ ನೀನು ಬಾರೋ," ಎಂದ ದೊಡ್ಡಪ್ಪ. "ಕೈ ಇನ್ನೂ ಇದೆ ನಿಂಗೆ. ಆ ಗೂಡಲ್ಲಿ ಕೂತು ಕೂತು ಬಿಳಿಚಿಕೊಂಡಿದ್ದೀಯ, ಬಾಟಲಿಯಲ್ಲಿ ಇಟ್ಟ ಹಲ್ಲಿ ಥರ."

"ಬಿಡಬೇಕಲ್ಲ ದೊಡ್ಡಪ್ಪ."

"ಯಾರು ಬಿಡಬೇಕು? ಅವರಾ, ನೀನಾ?"

ಮಾಮ ಅಂದೇ ಆ ಜಾಗ ಕೇಳಲು ಮ್ಯಾನೇಜರನ ಮುಂದೆ ಹೋಗಿ ನಿಂತ. ಮ್ಯಾನೇಜರ್ ಕೆಟ್ಟವನೇನಲ್ಲ, ಹೆದರುಪುಕ್ಕಲ. ಮಾಮ ಆ ಕೋಣೆ ಬಿಟ್ಟರೆ ಗೋಡೆಯೇ ಕಳಚಿ ಬೀಳುತ್ತದೆ ಎಂಬ ಹಾಗೆ ಮುಖ ಮಾಡಿದ. ಕಡೆಗೆ ಒಂದು ಕರಾರು ಹಾಕಿದ. ಹೊಸದಾಗಿ ಸೇರಿರುವ ಇಂಜಿನಿಯರಮ್ಮ ಡಬ್ಬಿಯಿಂದ ಆಗತಾನೆ ತೆಗೆದ ಖಾಲಿ ಕಂಪ್ಯೂಟರಿನ ಮುಂದೆ ಕೂರಬೇಕು. ಸರ್ವರಿನಿಂದ ಸೋಪಿನ ಯಂತ್ರದ ಪ್ರಾಜೆಕ್ಟನ್ನು ಒಳಮನೆಗಳ ಸಮೇತ ಇಳಿಸಿಕೊಂಡು, ಒಂದೇ ಪ್ರೋಗ್ರಾಮಾಗಿ ಕಟ್ಟಿ, ಯಂತ್ರಕ್ಕೆ ತುಂಬಿ, ನೂರು ಪೊಟ್ಟಣ ಸರಿಯಾದ ತೂಕದಲ್ಲಿ ತುಂಬಿಸಿ ತೋರಿಸಬೇಕು. ಮಾಮ ಕೀಲಿಮಣೆ ಮುಟ್ಟುವ ಹಾಗಿಲ್ಲ.

"ಶನಿವಾರ ಸಂಜೆಯೊಳಗೆ ಆದ್ರೆ ಸೋಮವಾರ ನೀವು ಟೂಲ್‌ರೂಮಿಗೆ. ಆಗದಿದ್ರೆ ಹೊರಗಿನವನೊಬ್ಬ ಕಾಯ್ತಿದ್ದಾನೆ, ಅವನಿಗೆ ಜಾಗ. ಆಮೇಲೆ ನನ್ನ ಬೈಕೋಬೇಡಿ."

ಮಾಮ ಹದಿನೈದು ದಿನ ಕೂತು ನೋಟ್‌ಬುಕ್ ತುಂಬ ಬರೆದ. ಮೊದಲು ಇದು ಮಾಡು, ಆಮೇಲೆ ಅದು ಮಾಡು, ಇಲ್ಲಿ ಎಡವುತ್ತೀಯ ಜೋಕೆ ಎಂದು ಕೆಂಪು ಶಾಯಿಯಲ್ಲಿ. ಮನೆಯಲ್ಲಿ ಹೆಂಡತಿ ಅವನ ನೀಲಿ ಕೆಲಸದಂಗಿಯ ಗುಂಡಿಗಳನ್ನು ಬಿಗಿಯಾಗಿ ಹೊಲಿದಿಟ್ಟಳು. ಹೊಲಿಯುತ್ತ, "ಟೂಲ್‌ರೂಮಿಗೆ ಫೋನ್ ಇಲ್ಲ ತಾನೆ?" ಎಂದು ಎರಡು ಸಲ ಕೇಳಿದಳು.

ಶನಿವಾರ ಬೆಳಿಗ್ಗೆ ತಪಾಸಣೆ ಕೋಣೆಯಲ್ಲಿ ಮೇಜು ಹಾಕಿದರು. ಇಂಜಿನಿಯರಮ್ಮ ನಲವತ್ತರ ಹೆಂಗಸು. ಎರಡು ಮಕ್ಕಳನ್ನು ಸಾಕುವುದಕ್ಕಾಗಿ ಎಂಟು ವರ್ಷ ಕೆಲಸ ಬಿಟ್ಟಿದ್ದು ಮತ್ತೆ ಬಂದವಳು. ಮಾತು ಕಡಿಮೆ, ಕಣ್ಣು ಚುರುಕು. ಪಕ್ಕದಲ್ಲಿ ಮಾಮ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತ.

ಆಕೆ ಹೊರಮನೆ ಇಳಿಸಿಕೊಂಡಳು. ಒಳಮನೆಗಳಿರಬೇಕಾದ ಜಾಗದಲ್ಲಿ ಬರೀ ಖಾಲಿ ಫೋಲ್ಡರುಗಳು.

"ಖಾಲಿ ಇದೆಯಲ್ಲ ಮಾಮ."

"ಆರನೇ ಪುಟ," ಎಂದ ಮಾಮ. ಒಳಮನೆಗಳನ್ನು ಬೇರೆಯಾಗಿ ಕರೆಯಬೇಕು, ಕರೆಯದೆ ಬರುವುದಿಲ್ಲ ಎಂದು ಅಲ್ಲಿ ಬರೆದಿತ್ತು. ಆಕೆ ಕರೆದಳು. ಮೋಟಾರಿನ ಮನೆ ಬಂತು, ಪರದೆಯ ಮನೆ ಬಂತು. ತೂಕದ ಮನೆಯ ಹತ್ತಿರ ಬಂದು ನಿಂತುಬಿಟ್ಟಿತು. ಪರದೆಯ ಮೇಲೆ ಕೆಂಪು ಸಾಲು: ಚೀಟಿ ಕೇಳುವ ಗುರುತು ಸರ್ವರಿನಲ್ಲಿ ಇಲ್ಲ.

ಏನಾಗಿದೆ ಎಂಬುದು ಮಾಮನಿಗೆ ಆ ಕ್ಷಣಕ್ಕೇ ಗೊತ್ತಾಯಿತು.

ಮೂರು ವರ್ಷದ ಹಿಂದೆ ಗಿರಾಕಿಯೊಬ್ಬನ ಕಾರ್ಖಾನೆಯಲ್ಲಿ ಸೋಪಿನ ಯಂತ್ರ ತೂಕ ತಪ್ಪುತ್ತಿತ್ತು. ಮಾಮ ಅಲ್ಲಿಯೇ, ಪುಡಿ ಹಾರುವ ಗದ್ದಲದಲ್ಲಿ, ತನ್ನ ಕಂಪ್ಯೂಟರಿನಲ್ಲಿದ್ದ ತೂಕದ ಮನೆಯನ್ನು ತಿದ್ದಿದ. ಯಂತ್ರ ಸರಿಹೋಯಿತು. ಹೊರಮನೆಯ ಚೀಟಿಯಲ್ಲಿ ಹೊಸ ಗುರುತು ಬರೆದು ಸರ್ವರಿಗೆ ಕಳಿಸಿದ. ಒಳಮನೆಯ ತಿದ್ದುಪಡಿಯನ್ನು ಮಾತ್ರ ಕಳಿಸಲಿಲ್ಲ. ಚೀಟಿ ಸರ್ವರಿಗೆ ಹೋಯಿತು, ಚೀಟಿ ಹೇಳುವ ವಸ್ತು ಮಾಮನ ಪೆಟ್ಟಿಗೆಯಲ್ಲೇ ಉಳಿಯಿತು. ಅದೆಲ್ಲಿ ಎಂದು ಸರ್ವರು ಕೇಳಲಿಲ್ಲ. ಅವನ ಕಂಪ್ಯೂಟರಿನಲ್ಲಿ ಎಲ್ಲ ನಡೆಯುತ್ತಿದ್ದುದರಿಂದ ಅವನಿಗೂ ತಿಳಿಯಲಿಲ್ಲ.

ಮೂರು ವರ್ಷ ಬೇರೆ ಯಾರೂ ಎಡವಲಿಲ್ಲವೇ ಎಂದರೆ, ಎಡವುವ ದಾರಿಯೇ ಇರಲಿಲ್ಲ. ಈ ನಡುವೆ ಬಂದುಹೋದ ಇಬ್ಬರು ಇಂಜಿನಿಯರುಗಳಿಗೂ ಮೊದಲ ದಿನವೇ ಮಾಮ ತನ್ನ ಕಂಪ್ಯೂಟರಿನ ಇಡೀ ಫೋಲ್ಡರನ್ನು ಡಿಸ್ಕಿಗೆ ಹಾಕಿ ಕೈಗಿಡುತ್ತಿದ್ದ. "ಸರ್ವರಿನಿಂದ ಇಳಿಸೋಕೆ ಅರ್ಧ ದಿನ ಬೇಕು, ಇದು ತಗೊಳ್ಳಿ, ಹತ್ತು ನಿಮಿಷ." ಅದೇ ಆ ಕಾರ್ಖಾನೆಯ ಪದ್ಧತಿಯಾಗಿತ್ತು. ಎಲ್ಲರ ಕಂಪ್ಯೂಟರೂ ಮಾಮನ ಕಂಪ್ಯೂಟರಿನ ಮರಿ.

"ನೀರು ಕುಡಿದು ಬರ್ತೀನಿ," ಎಂದು ಎದ್ದ. ಪ್ಲೈವುಡ್ಡಿನ ಬಾಗಿಲು ಎಳೆದುಕೊಂಡು, ಎರಡು ನಿಮಿಷದಲ್ಲಿ ಆ ತಿದ್ದುಪಡಿಯನ್ನು ಸರ್ವರಿಗೆ ಕಳಿಸಿ ಬಂದು ಕೂತ. "ಇನ್ನೊಂದು ಸಲ ನೋಡಿ, ನೆಟ್‌ವರ್ಕು ನಿಧಾನ ಇರಬೇಕು."

ತೂಕದ ಮನೆ ಬಂತು. ಅದರೊಳಗಿನ ಒಳಮನೆ ಬರಲಿಲ್ಲ. ಅದೇ ಕೆಂಪು ಸಾಲು.

"ಕನ್ನಡಕ ಬಿಟ್ಟು ಬಂದೆ," ಎಂದ ಮಾಮ. ಕನ್ನಡಕ ಅವನ ಹಣೆಯ ಮೇಲೆಯೇ ಇತ್ತು. ಆಕೆ ಅದನ್ನು ನೋಡಿದಳು. ಅವನು ಹೋಗಿ ಬಂದ ಮೇಲೆ ಆ ಒಳಮನೆಯೂ ಬಂತು. ಕೊನೆಗೆ ಅಳತೆ ಸರಿಹೊಂದಿಸುವ ಪುಟ್ಟ ಮನೆಯೊಂದು ಬಾಕಿ ಉಳಿಯಿತು; ಅದೂ ನಿಂತಿತು.

ಮಾಮ ಮೂರನೆಯ ಸಲ ಏಳಲು ಕುರ್ಚಿಯ ಕೈ ಹಿಡಿದ. ಈ ಸಲ ನೆಪ ತೋಚಲಿಲ್ಲ.

"ಫೋನ್ ಬಂತಾ?" ಎಂದಳು ಆಕೆ.

"ಹೂಂ. ಫೋನು."

"ಹೋಗಿ ಬನ್ನಿ. ನೀವು ಎದ್ದು ಹೋದಾಗಲೆಲ್ಲ ಒಂದು ಬಾಗಿಲು ತೆಗೀತದೆ."

ಮಾಮ ಹೋಗಿ ಬಂದ. ಮೂರನೆಯ ಬಾಗಿಲೂ ತೆರೆಯಿತು. ಪ್ರಾಜೆಕ್ಟು ಕಟ್ಟಿಕೊಂಡಿತು, ಒಂದು ದೋಷವೂ ಇಲ್ಲದೆ. ಆಕೆ ಕೈ ಕಟ್ಟಿ ಅವನ ಕಡೆ ತಿರುಗಿ ಕೂತಳು. ಇನ್ನು ಸುಮ್ಮನಿದ್ದರೆ ಮರ್ಯಾದೆಯಲ್ಲ ಎಂದು ಮಾಮ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಇಂಥವು ಇನ್ನೆಷ್ಟು ಇವೆ?" ಎಂದು ಕೇಳಿದಳು.

ಗೊತ್ತಿರಲಿಲ್ಲ. ಇಬ್ಬರೂ ಅವನ ಕೋಣೆಗೆ ಹೋಗಿ, ಒಂದೊಂದೇ ಮನೆ ತೆರೆದು ಹುಡುಕಿದರು. ಹನ್ನೆರಡು ಯಂತ್ರಗಳಲ್ಲಿ ಸೇರಿ ಹೊರಗೆ ಹೋಗದೆ ಉಳಿದ ತಿದ್ದುಪಡಿಗಳು ಇನ್ನೂ ಮೂವತ್ತೆಂಟು ಸಿಕ್ಕವು. ತಿದ್ದುಪಡಿ ಮಾಡಿದಾಗ ಏಕೆ ಮಾಡಿದೆ ಎಂದು ಒಂದು ಸಾಲು ಬರೆಯಬೇಕು. ಮೂವತ್ತೆಂಟರಲ್ಲಿ ಮೂವತ್ತೊಂದಕ್ಕೆ ಮಾಮ ಬರೆದಿದ್ದುದು ಒಂದೇ ಮಾತು: 'ತಾತ್ಕಾಲಿಕ'. ಒಂದೇ ತೂಕದ ಮನೆ ಹಿಟ್ಟಿನ ಯಂತ್ರದೊಳಗೆ ಒಂದು ಬಗೆಯಾಗಿ ತಿದ್ದಿಸಿಕೊಂಡಿತ್ತು, ಬಣ್ಣದ ಯಂತ್ರದೊಳಗೆ ಇನ್ನೊಂದು ಬಗೆಯಾಗಿ. ಎರಡನ್ನೂ ಕೂಡಿಸಿದರೆ ಜಗಳ.

"ಎಲ್ಲ ಇವತ್ತೇ ಸರ್ವರಿಗೆ ನೂಕಿಬಿಡಬಹುದು," ಎಂದ ಮಾಮ. "ಸಂಜೆಯೊಳಗೆ ಆಗುತ್ತೆ."

"ನೂಕಬಹುದು. ಯಾವುದು ಯಾಕೆ ಅಂತ?"

ಅದು ಅವನ ತಲೆಯಲ್ಲಿತ್ತು. ಕೆಲವಂತೂ ಅಲ್ಲಿಯೂ ಇರಲಿಲ್ಲ, ಬೆರಳಿನಲ್ಲಿದ್ದವು. ಯಂತ್ರದ ಮುಂದೆ ನಿಂತು ಅದರ ಸದ್ದು ಕೇಳಿದರೆ ನೆನಪಾದಾವು.

"ಒಂದೊಂದನ್ನೂ ಯಂತ್ರದ ಮೇಲೆ ಓಡಿಸಿ ನೋಡಿ, ಬೇಕಾದ್ದು ಇಟ್ಟು, ಬೇಡದ್ದು ಬಿಟ್ಟು, ಬರೆದಿಡಬೇಕು," ಎಂದಳು. "ಮೂರು ತಿಂಗಳು ಹಿಡಿಯುತ್ತೆ. ನೀವಿದ್ರೆ. ನೀವಿಲ್ಲದಿದ್ರೆ ನಾನು ಈ ಕುರ್ಚಿ ಬಿಟ್ಟು ಏಳೋ ಹಾಗಿಲ್ಲ."

"ಮ್ಯಾನೇಜರಿಗೆ ಹೇಳ್ತೀರಾ?"

"ನಾನ್ಯಾಕೆ ಹೇಳಲಿ? ಪರೀಕ್ಷೆ ನಂದು, ನಾನು ಪಾಸಾಗ್ತಿದ್ದೀನಿ. ಹೇಳೋದಿದ್ರೆ ನೀವೇ ಹೇಳಿ." ಆಮೇಲೆ ಅಂದಳು, "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಆ ಕಡೆ ಹೋದ ಮೇಲೆ ನಾನು ಯಾರ ಕೋಣೆಗೆ ನೀರು ಕುಡಿಯೋಕೆ ಹೋಗಲಿ?"

ಸಂಜೆ ಐದಕ್ಕೆ ಮ್ಯಾನೇಜರ್ ಬಂದ. ಸೋಪಿನ ಯಂತ್ರ ಗಡಗಡನೆ ಶುರುವಾಯಿತು. ಪೊಟ್ಟಣಗಳು ಒಂದರ ಹಿಂದೊಂದು ತಕ್ಕಡಿಯ ಮೇಲೆ ಬಂದು ಕೂತು, ಹಸಿರು ದೀಪ ನೋಡಿ ಮುಂದೆ ಸರಿದವು. ನೂರಕ್ಕೆ ನೂರೂ ಸರಿ. ಮ್ಯಾನೇಜರನ ಮುಖದ ಗಂಟು ಸಡಿಲಾಯಿತು.

"ಆಯ್ತಲ್ಲ ಮಾಮ. ಸೋಮವಾರ ಟೂಲ್‌ರೂಮು. ಇಷ್ಟು ದಿನ ಸುಮ್ಮನೆ ಹೆದರಿದ್ದೆ ನೋಡಿ."

ಮಾಮ ಆ ಹೊತ್ತಿಗೆ ಬಾಗಿಲಿನ ಕಡೆ ನೋಡುತ್ತಿದ್ದ. ತಪಾಸಣೆ ಕೋಣೆ, ಸ್ಟೋರು, ಅದರಾಚೆ ಅಂಗಳ, ಅಂಗಳದಾಚೆ ಟೂಲ್‌ರೂಮು. ಎಣಿಸಿದರೆ ಅರವತ್ತು ಹೆಜ್ಜೆ. ಬಾಯಿ ಮುಚ್ಚಿಕೊಂಡು ಅರವತ್ತು ಹೆಜ್ಜೆ ಹಾಕಿದರೆ ಮುಗಿಯಿತು. ಯಾರೂ ಕೇಳುವವರಿಲ್ಲ, ಕೇಳಬಹುದಾದವಳು ಕಂಪ್ಯೂಟರಿನ ವೈರು ಸುತ್ತುತ್ತಿದ್ದಳು, ತಲೆ ಎತ್ತಲಿಲ್ಲ. ಆದರೆ ಫಿಟ್ಟರ್ ಜಾತಿಯ ಮನುಷ್ಯ. ಕೈಯಿಂದ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ನಿಲ್ಲುವ ಬೋಲ್ಟನ್ನು ಬಿಗಿದಿದೆ ಎಂದು ಸಹಿ ಹಾಕಿ ಅವನಿಗೆ ಅಭ್ಯಾಸವಿರಲಿಲ್ಲ. ಮೂವತ್ತೆಂಟು ವರ್ಷದಲ್ಲಿ ಹಾಗೆ ಮಾಡಿದವರನ್ನು ಬಾಯಿಗೆ ಬಂದಂತೆ ಬೈದದ್ದೂ ಉಂಟು.

"ಸರಿಯಾಗಿಲ್ಲ ಸಾರ್," ಎಂದ.

"ನೂರಕ್ಕೆ ನೂರು ಬಂತಲ್ಲ?"

"ಬಂತು. ನಾನು ಮೂರು ಸಲ ಎದ್ದು ಹೋಗಿ ಕಳಿಸಿದ್ದರಿಂದ ಬಂತು." ಎಲ್ಲ ಹೇಳಿದ. ಹೇಳುವಾಗ ಸ್ವರ ಎಲ್ಲೂ ತಗ್ಗಲಿಲ್ಲ, ಆದರೆ ನೋಟ ಮಾತ್ರ ತಕ್ಕಡಿಯ ಮೇಲೆಯೇ ಇತ್ತು.

ಮ್ಯಾನೇಜರ್ ಒಂದು ದಾರಿ ಹೇಳಿದ. "ಒಂದು ಕೆಲಸ ಮಾಡಿ. ನಿಮ್ಮ ಕಂಪ್ಯೂಟರನ್ನೇ ಇವರಿಗೆ ಕೊಟ್ಟುಬಿಡಿ. ಎಲ್ಲ ಅದರಲ್ಲೇ ಇದೆಯಲ್ಲ. ನೀವು ಹೊರಡಿ. ಏನಾದ್ರೂ ಆದ್ರೆ ಫೋನ್ ಮಾಡಿ ಕೇಳ್ತೀವಿ."

ಆ ಮಾತು ಕೇಳಿ ಮಾಮನಿಗೆ ನಗು ಬಂತು. ನಗುವಂಥ ಸಂಗತಿಯಲ್ಲ, ಆದರೂ ಬಂತು. ಆ ಕಂಪ್ಯೂಟರ್ ಕೊಟ್ಟರೆ ಕೋಣೆಯನ್ನೇ ಕೊಟ್ಟ ಹಾಗೆ. ಆಕೆ ಒಳಗೆ, ತಾನು ಫೋನಿನ ಇನ್ನೊಂದು ತುದಿಯಲ್ಲಿ. ಬಂಧನಕ್ಕೆ ಒಬ್ಬರ ಬದಲು ಇಬ್ಬರಾಗುತ್ತಾರೆ.

"ಮೂರು ತಿಂಗಳು ಕೊಡಿ. ಬಿಡಿಸಿಕೊಟ್ಟು ಹೋಗ್ತೀನಿ."

"ಟೂಲ್‌ರೂಮು ಮೂರು ತಿಂಗಳು ಕಾಯಲ್ಲ ಮಾಮ."

"ಗೊತ್ತು."

"ಆ ಮನುಷ್ಯ ಬಂದ್ರೆ ಅವನಿಗಿನ್ನೂ ಮೂವತ್ತೈದು. ಆ ಜಾಗ ಮತ್ತೆ ನಿಮಗೆ ಸಿಗಲ್ಲ."

"ಅದೂ ಗೊತ್ತು," ಎಂದ ಮಾಮ. ಮ್ಯಾನೇಜರ್ ಫೋನ್ ತೆಗೆದುಕೊಂಡು ಹೊರಗೆ ಹೋದ. ಮಾತು ಮುಗಿಸಲು ಅವನಿಗೆ ಎರಡು ನಿಮಿಷವೂ ಹಿಡಿಯಲಿಲ್ಲ.

ಮನೆಯಲ್ಲಿ ಹೆಂಡತಿ ಮುಖ ನೋಡಿಯೇ ತಿಳಿದುಕೊಂಡಳು. ಎಲ್ಲ ಕೇಳಿ ಕಡೆಗೆ ಒಂದೇ ಮಾತು ಕೇಳಿದಳು.

"ಆ ಮೂವತ್ತೆಂಟನ್ನು ಯಾಕ್ರೀ ಒಳಗೇ ಇಟ್ಕೊಂಡ್ರಿ? ನಿಜ ಹೇಳಿ."

"ಮರೆತೆ."

"ಒಂದು ಮರೀಬಹುದು, ಎರಡು ಮರೀಬಹುದು."

ಮಾಮ ಕಾಲು ತೊಳೆಯಲು ಹೋದವನು ಬಚ್ಚಲಲ್ಲಿ ಬಹಳ ಹೊತ್ತು ನಿಂತ. ಮಾಮ ಇಲ್ಲದೆ ಆಗಲ್ಲ ಎಂದು ಜನ ಹೇಳಿದಾಗ ಒಳಗೆಲ್ಲೋ ಹಿತವಾಗುತ್ತಿತ್ತು. ಹಿತವಾದದ್ದು ನಿಜ. ಬೇಕೆಂದೇ ಬಚ್ಚಿಟ್ಟಿರಲಿಲ್ಲ, ಕಳಿಸಬೇಕೆಂಬ ಅವಸರ ಆಗಿರಲಿಲ್ಲ, ಅಷ್ಟೇ. ಹೊರಗೆ ಬಂದಾಗ ಹೆಂಡತಿ ಟವೆಲು ಕೊಟ್ಟಳು.

ಸೋಮವಾರ ಟೂಲ್‌ರೂಮಿನಿಂದ ಅರ ಉಜ್ಜುವ ಸದ್ದು ಕೇಳುತ್ತಿತ್ತು. ಹೊಸಬನ ಕೈ ಒಳ್ಳೆಯದೇ ಎಂದು ಮಾಮ ಸದ್ದಿನಿಂದಲೇ ತಿಳಿದ. ಉದ್ದ ಎಳೆತ, ಎಲ್ಲಿಯೂ ಎಗರಿಕೆ ಇಲ್ಲ. ಅಂಗಳದಲ್ಲಿ ನಿಂತು ಒಂದು ಗಳಿಗೆ ಕೇಳಿದ. ಆಮೇಲೆ ಸ್ಟೋರು, ಕಪಾಟಿನ ಸಂದಿ, ತಪಾಸಣೆ ಕೋಣೆ, ಪ್ಲೈವುಡ್ಡಿನ ಬಾಗಿಲು.

ಇಂಜಿನಿಯರಮ್ಮ ತನ್ನ ಮೇಜನ್ನು ಅವನ ಕೋಣೆಯೊಳಗೇ ತಳ್ಳಿಕೊಂಡು ಬಂದಿದ್ದಳು. ಎರಡು ಮೇಜಿನ ನಡುವೆ ಒಬ್ಬರು ಪಕ್ಕಕ್ಕೆ ತಿರುಗಿ ಹೋಗುವಷ್ಟು ಜಾಗ. ಮೂವತ್ತೆಂಟರ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದಳು.

"ಎಲ್ಲಿಂದ ಶುರು ಮಾಡೋಣ ಮಾಮ?"

"ಎಲ್ಲಕ್ಕಿಂತ ಒಳಗಿನ ಮನೆಯಿಂದ. ಒಳಗಿನದು ಕಳಿಸದೆ ಹೊರಗಿನ ಚೀಟಿ ಬರೀಬಾರದು."

"ಈಗ ಹೇಳ್ತೀರಾ."

ಮೊದಲನೆಯದನ್ನು ತೆರೆದರು. ಅಳತೆಯ ಮನೆಯಲ್ಲಿ ಏಳು ಎಂಬ ಅಂಕಿಯನ್ನು ಒಂಬತ್ತು ಮಾಡಿದ್ದ ಒಂದೇ ಒಂದು ಸಾಲು. ಕೆಳಗೆ 'ತಾತ್ಕಾಲಿಕ'. ಏಕೆ ಒಂಬತ್ತು ಎಂದು ಆಕೆ ಕೇಳಿದಳು. ಮಾಮ ಹಣೆ ಉಜ್ಜಿದ. ಹಿಟ್ಟಿನ ಯಂತ್ರದ ಹತ್ತಿರ ಹೋಗಿ, ಏಳರಲ್ಲಿ ಓಡಿಸಿ, ಒಂಬತ್ತರಲ್ಲಿ ಓಡಿಸಿ, ಎಂಟರಲ್ಲೂ ಓಡಿಸಿ ನೋಡಿದರು. ಹಿಟ್ಟು ತೇವ ಹಿಡಿದ ದಿನ ತಕ್ಕಡಿ ನಿಲ್ಲಲು ಒಂದಿಷ್ಟು ಹೆಚ್ಚು ಸಮಯ ಬೇಕು ಎಂದು ಕಡೆಗೆ ನೆನಪಾಗುವ ಹೊತ್ತಿಗೆ ಊಟದ ಗಂಟೆ ಹೊಡೆಯಿತು. ಆಕೆ 'ತಾತ್ಕಾಲಿಕ' ಎಂಬುದನ್ನು ಅಳಿಸಿ ಆ ಕಾರಣವನ್ನು ಬರೆದು, ಸರ್ವರಿಗೆ ಕಳಿಸಿ, ಖಾಲಿ ಕಂಪ್ಯೂಟರಿನಲ್ಲಿ ಇಳಿಸಿ ನೋಡಿ, ಗೋಡೆಯ ಪಟ್ಟಿಯಲ್ಲಿ ಒಂದು ಗೆರೆ ಎಳೆದಳು.

ಒಂದು ಅಂಕಿಗೇ ಅರ್ಧ ದಿನ. ಉಳಿದವು ಇಷ್ಟು ಸಣ್ಣವಲ್ಲ, ಕೆಲವಕ್ಕೆ ವಾರಗಳೇ ಹಿಡಿದಾವು, ಮೂರು ತಿಂಗಳು ಸಾಲುವುದಿಲ್ಲ ಎಂದು ಮಾಮನಿಗೆ ಆಗಲೇ ತಿಳಿದಿತ್ತು. ಆಕೆಗೂ ತಿಳಿದಿತ್ತೆಂದು ಅವಳು ಗೆರೆ ಎಳೆದ ರೀತಿಯಿಂದಲೇ ಕಾಣುತ್ತಿತ್ತು. ಇಬ್ಬರೂ ಬುತ್ತಿ ಬಿಚ್ಚಿ ಅಲ್ಲೇ ಕೂತರು. ಅಂದು ಊಟಕ್ಕೆ ಮಾಮ ಟೂಲ್‌ರೂಮಿಗೆ ಹೋಗಲಿಲ್ಲ.

"ಎರಡನೆಯದು ಯಾವುದು?" ಎಂದ, ತುತ್ತು ಬಾಯಲ್ಲಿಟ್ಟುಕೊಂಡೇ.

"ಬಣ್ಣದ ಯಂತ್ರದ್ದು. ಕಾರಣ ಬರೆದಿಲ್ಲ."

"ನೀವು ಮೊದಲು ಊಟ ಮಾಡಿ," ಎಂದ ಮಾಮ. "ಅದು ದೊಡ್ಡದು."